ಕಣ್ಣಿನಿಂದ ಬರೆಯುವ ಸಾಧನವನ್ನು ಅಪ್ಪ ಹನ್ನೊಂದೇ ದಿನಕ್ಕೆ ಬಿಟ್ಟರು, ನಾವು ಎಲ್ಲಿ ತಪ್ಪಿದೆವು?

ಅಪ್ಪನಮಗಳು ಕೇಳಿದ್ದು:

ಅಪ್ಪನಿಗೆ 67 ವರ್ಷ. ಎಎಲ್‌ಎಸ್, ಅಂದರೆ ಸ್ನಾಯುಗಳನ್ನು ನಡೆಸುವ ನರಗಳು ಸೋಲುತ್ತಾ ಹೋಗುವ ಕಾಯಿಲೆ, ಎಂದು ಗೊತ್ತಾಗಿ 14 ತಿಂಗಳಾಯಿತು. ಕಾಯಿಲೆ ಮೊದಲು ಹಿಡಿದದ್ದೇ ನಾಲಿಗೆಯನ್ನು. ಈಗ ಅವರು ಆಡುವುದರಲ್ಲಿ ಅರ್ಧ ನನಗೆ ತಿಳಿಯುತ್ತದೆ, ಅಮ್ಮನಿಗೆ ಇನ್ನೂ ಸ್ವಲ್ಪ ಹೆಚ್ಚು, ಹೊರಗಿನವರಿಗೆ ಏನೂ ಇಲ್ಲ. ಬಲಗೈ ಪೂರ್ತಿ ಸೋತಿದೆ. ಎಡಗೈಯ ಎರಡು ಬೆರಳು ಅಲುಗುತ್ತವೆ, ಪೆನ್ನು ನಿಲ್ಲುವುದಿಲ್ಲ. ಹೌದು ಅನ್ನಲು ಕಣ್ಣು ಮೇಲೆತ್ತುತ್ತಾರೆ, ಇಲ್ಲ ಅನ್ನಲು ಮುಚ್ಚುತ್ತಾರೆ.

34 ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು. ಮನೆಯಲ್ಲಿ ಯಾವುದೇ ವಿಷಯಕ್ಕೂ ವಾದಕ್ಕೆ ನಿಲ್ಲುತ್ತಿದ್ದರು. ಆ ಮನುಷ್ಯ ಈಗ ದಿನವಿಡೀ ಗೋಡೆ ನೋಡುತ್ತಾ ಕೂತಿರುವುದನ್ನು ನೋಡಲಾಗದೆ ಕಣ್ಣಿನ ಚಲನೆಯಿಂದ ಕೆಲಸ ಮಾಡುವ ಸಾಧನ ತಂದೆವು. ತೆರೆಯ ಕೆಳಗೆ ಕಣ್ಣು ಗುರುತಿಸುವ ಒಂದು ಪಟ್ಟಿ. ಗುಂಡಿಯ ಮೇಲೆ ಒಂದು ಸೆಕೆಂಡು ನೋಟ ನಿಂತರೆ ಅದರಲ್ಲಿ ಬರೆದಿರುವುದನ್ನು ಗಟ್ಟಿಯಾಗಿ ಓದುತ್ತದೆ. ಮೊದಲ ಪುಟಕ್ಕೆ ನಾನೇ ರಾತ್ರಿ ಕೂತು ಎಂಟು ಗುಂಡಿ ತುಂಬಿದೆ: "ನೀರು ಬೇಕು", "ಶೌಚಕ್ಕೆ ಹೋಗಬೇಕು", "ನೋವಿದೆ", "ಮಗ್ಗುಲು ಬದಲಿಸಿ", "ಫ್ಯಾನ್ ಹಾಕಿ", "ಉಸಿರು ಕಟ್ಟುತಿದೆ", "ಮಲಗುತ್ತೇನೆ", "ಧನ್ಯವಾದ". ಎರಡನೇ ಪುಟದಲ್ಲಿ ಕನ್ನಡ ಕೀಲಿಮಣೆ ಇದೆ. ಓದುವ ದನಿ ಹೆಣ್ಣುದನಿ, ಕನ್ನಡಕ್ಕೆ ಅದರಲ್ಲಿ ಬಂದದ್ದು ಅದೊಂದೇ.

ಮೊದಲ ದಿನದಿಂದಲೂ ಒಂದು ವಿಚಿತ್ರ. ಉಸಿರಿನ ಗುಂಡಿ ದಿನಕ್ಕೆ ಆರೇಳು ಸಲ ಕೂಗುತ್ತಿತ್ತು. ಓಡಿಹೋಗಿ ಬೆರಳಿಗೆ ಆಕ್ಸಿಜನ್ ಮೀಟರ್ ಹಾಕಿದರೆ 96, 97. ಉಸಿರಾಟ ಕಷ್ಟವಾ ಅಂದರೆ ಕಣ್ಣು ಮುಚ್ಚುತ್ತಾರೆ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಗುಂಡಿ. ನಾಲ್ಕನೇ ದಿನದಿಂದ ಅಮ್ಮ ಓಡುವುದನ್ನು ನಿಲ್ಲಿಸಿದರು. ಕೀಲಿಮಣೆಯಲ್ಲಿ ನಾಲ್ಕೈದು ಅಕ್ಷರ ಹೊಡೆದು ಬಿಟ್ಟುಬಿಡುತ್ತಿದ್ದರು. ಹನ್ನೊಂದನೇ ದಿನ ತೆರೆಯನ್ನು ಮುಂದಕ್ಕೆ ತಂದರೆ ಕಣ್ಣನ್ನೇ ಮುಚ್ಚಿಕೊಂಡರು.

ಅಣ್ಣ ಅಪ್ಪನ ಬುದ್ಧಿಗೂ ಏನೋ ಆಗುತ್ತಿದೆ ಅನ್ನುತ್ತಾನೆ. ಸಾಧನ ಕೊಟ್ಟವರು ಅಭ್ಯಾಸ ಆಗಬೇಕು ಅನ್ನುತ್ತಾರೆ. ಇಂಥದ್ದನ್ನು ಬಳಸಿದವರು, ಬಳಸುವವರ ಜೊತೆ ಇರುವವರು ದಯವಿಟ್ಟು ಹೇಳಿ. ಸಾಧನ ಬದಲಿಸಬೇಕೇ, ನಾವು ಬದಲಾಗಬೇಕೇ?

ಮಾತುಕಲಿಸುವವಳು ಉತ್ತರಿಸಿದ್ದು:

ನಾನು ವಾಕ್ ಚಿಕಿತ್ಸಕಿ. ಎಎಲ್‌ಎಸ್ ಇರುವವರ ಜೊತೆ 12 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಉಸಿರಿನ ವಿಷಯ. ಬೆರಳಿನ ಮೀಟರ್ 97 ತೋರಿಸಿತು ಎಂದು ನಿಶ್ಚಿಂತೆ ಬೇಡ. ಎಎಲ್‌ಎಸ್‌ನಲ್ಲಿ ಸೋಲುವುದು ಉಸಿರೆಳೆಯುವ ಸ್ನಾಯುಗಳು. ಒಳಗೆ ಕಾರ್ಬನ್ ಡೈಆಕ್ಸೈಡ್ ಸೇರುತ್ತಾ ಹೋದರೂ ಆಕ್ಸಿಜನ್ ಅಂಕಿ ಬಹಳ ಕಾಲ ಚೆನ್ನಾಗಿಯೇ ಕಾಣಬಹುದು. ಬೆಳಗ್ಗೆ ತಲೆನೋವು, ರಾತ್ರಿ ಮತ್ತೆ ಮತ್ತೆ ಎಚ್ಚರ, ಹಗಲು ತೂಕಡಿಕೆ ಇದೆಯೇ ನೋಡಿ. ಇರಲಿ ಇಲ್ಲದಿರಲಿ, ಕೂತು ಒಮ್ಮೆ ಮಲಗಿ ಒಮ್ಮೆ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಮಾಡಿಸಿ. ಈ ವಾರವೇ.

ಇನ್ನು ಸಾಧನ. ಆ ಪಟ್ಟಿ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಡುತ್ತದೆ. ಕಣ್ಣಿನ ಮುಂಪದರದ ಮೇಲೆ ಅದು ಮೂಡಿಸುವ ಹೊಳಪಿನ ಚುಕ್ಕೆ ಎಲ್ಲಿದೆ, ಪಾಪೆಯ ನಡು ಎಲ್ಲಿದೆ, ಇವೆರಡರ ನಡುವಿನ ಅಂತರದಿಂದ ನೋಟ ಎತ್ತ ಅನ್ನುವುದನ್ನು ಲೆಕ್ಕ ಹಾಕುತ್ತದೆ. ಬಿಸಿಲಿನಲ್ಲೂ ಅವಕೆಂಪು ಬೆಳಕಿದೆ, ಆದ್ದರಿಂದ ಕಿಟಕಿಗೆ ಎದುರಾಗಿ ಕೂರಿಸಬೇಡಿ. ಒಂದೇ ಗಾಜಿನಲ್ಲಿ ದೂರಕ್ಕೂ ಓದಲಿಕ್ಕೂ ಎರಡು ಭಾಗವಿರುವ (ಬೈಫೋಕಲ್) ಕನ್ನಡಕ ಹಾಕುತ್ತಾರಾದರೆ ಅದರ ಗೆರೆಯೂ ಹೊಳಪೂ ಲೆಕ್ಕ ತಪ್ಪಿಸಬಹುದು, ಒಂದೇ ಶಕ್ತಿಯ ಗಾಜು ಹಾಕಿಸಿ ನೋಡಿ. ಅಪ್ಪ ಹಿಂದಕ್ಕೆ ಒರಗಿ ಕೂತರೆ ತೆರೆಯೂ ಅಷ್ಟೇ ವಾಲಬೇಕು. ಮುಖಕ್ಕೂ ತೆರೆಗೂ ನಡುವೆ ಸುಮಾರು 60 ಸೆಂಟಿಮೀಟರ್. ಮನೆಗಳಿಗೆ ಹೋದಾಗ ನಾನು ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಈ ವಾಲು ಸರಿಮಾಡಿದರೆ ಮುಗಿಯುವಂಥವು.

ಒಂದೇ ಗುಂಡಿ ಮತ್ತೆ ಮತ್ತೆ ಕೂಗುವುದಕ್ಕೆ ಸಾಮಾನ್ಯ ಕಾರಣ ಬೇರೆ. ಕಣ್ಣು ಇರುವುದು ನೋಡಲು. ಈ ಸಾಧನದಲ್ಲಿ ನೋಡಿದ್ದೆಲ್ಲ ಒತ್ತಿದಂತೆ. ನೋಟ ಎಲ್ಲೋ ಒಂದು ಕಡೆ ತಂಗಲೇಬೇಕು, ತಂಗಿದ ಕಡೆ ಗುಂಡಿ ಇದ್ದರೆ ಅದು ಕೂಗುತ್ತದೆ. ಮುಟ್ಟಿದ್ದೆಲ್ಲ ಚಿನ್ನವಾಗುವ ಮೈದಾಸ ರಾಜನ ಹೆಸರಿನಿಂದಲೇ ಈ ತೊಂದರೆಯನ್ನು ಕರೆಯುತ್ತಾರೆ. ತೆರೆಯಲ್ಲಿ ಕಣ್ಣಿಗೆ ವಿಶ್ರಾಂತಿಯ ಖಾಲಿ ಜಾಗ ಬಿಡಿ, ನೋಟ ನಿಲ್ಲಬೇಕಾದ ಅವಧಿಯನ್ನು ಒಂದೂವರೆ ಸೆಕೆಂಡಿಗೆ ಏರಿಸಿ, ನಿಲ್ಲಿಸು ಅನ್ನುವ ಗುಂಡಿಯೊಂದನ್ನು ಮೂಲೆಯಲ್ಲಿ ಇಡಿ.

ಅಣ್ಣನ ಮಾತಿಗೆ: ಎಎಲ್‌ಎಸ್ ಇರುವವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಯೋಚನೆಯಲ್ಲಿ, ನಡವಳಿಕೆಯಲ್ಲಿ ಏನಾದರೂ ಬದಲಾವಣೆ ಕಾಣುತ್ತದೆ. ಅದು ಡಿಮೆನ್ಷಿಯಾ, ಅಂದರೆ ಬುದ್ಧಿ ಕುಗ್ಗುವ ಕಾಯಿಲೆಯ ಮಟ್ಟಕ್ಕೆ ಹೋಗುವುದು ಇನ್ನೂ ಕಡಿಮೆ ಜನರಲ್ಲಿ. ಆದ್ದರಿಂದ ಅಣ್ಣ ಹೇಳಿದ್ದು ಅಸಾಧ್ಯವಲ್ಲ. ಆದರೆ ಅದನ್ನು ತೀರ್ಮಾನಿಸುವುದು ಕೈ, ನಾಲಿಗೆ ಸೋತವರಿಗೆಂದೇ ರೂಪಿಸಿದ ಪರೀಕ್ಷೆಯಿಂದ. ಸಾಧನ ಬೇಡ ಅಂದರು ಅನ್ನುವುದರಿಂದಲ್ಲ. 1993ರಲ್ಲಿ ಫಿಲಿಪ್ಸ್ ಮತ್ತು ಝಾವೊ ಎಂಬ ಸಂಶೋಧಕರು ಅಮೆರಿಕದಲ್ಲಿ ಅಂಗವೈಕಲ್ಯವಿರುವ 227 ವಯಸ್ಕರನ್ನು ಕೇಳಿದಾಗ, ಅವರ ಸಾಧನಗಳಲ್ಲಿ ಶೇ 29.3ರಷ್ಟು ಮೂಲೆ ಸೇರಿದ್ದವು. ಅವರು ಕಂಡುಕೊಂಡ ಕಾರಣಗಳಲ್ಲಿ ಒಂದು, ಆರಿಸುವಾಗ ಬಳಸುವವರ ಅಭಿಪ್ರಾಯವನ್ನು ಗಣನೆಗೆ ತೆಗೆದುಕೊಳ್ಳದೇ ಇದ್ದದ್ದು.

ಸಾಧನ ಸರಿಹೋಗುವವರೆಗೆ ಕಾಯಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಅಂಚುಗಳಲ್ಲಿ ಅಕ್ಷರಗಳ ಗುಂಪು ಬರೆಯಿರಿ: ಸ್ವರ, ಕ ವರ್ಗ, ಚ ವರ್ಗ, ಟ, ತ, ಪ, ಅವರ್ಗೀಯ, ಒತ್ತು-ಗುಣಿತ. ಹಾಳೆಯನ್ನು ಇಬ್ಬರ ಮುಖದ ನಡುವೆ ಹಿಡಿದರೆ ಅವರ ನೋಟ ಎತ್ತ ಹೋಯಿತು ಅನ್ನುವುದು ನಿಮಗೆ ಆಚೆಯಿಂದ ಕಾಣುತ್ತದೆ. ಮೊದಲ ನೋಟ ಗುಂಪಿಗೆ, ಎರಡನೆಯದು ಗುಂಪಿನೊಳಗೆ ಎಷ್ಟನೆಯದು ಅನ್ನುವುದಕ್ಕೆ. ನಮ್ಮ ವರ್ಣಮಾಲೆ ಹುಟ್ಟಿನಿಂದಲೇ ಐದೈದರ ಚೌಕ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಕರಡು ತಿದ್ದಿದವರಿಗಂತೂ ಕಲಿಸುವುದೇ ಬೇಕಿಲ್ಲ. ಕರೆಂಟ್ ಹೋದರೂ ಕೆಲಸ ಮಾಡುತ್ತದೆ.

ಮತ್ತೆ, ಇನ್ನೂ ಅರ್ಧ ತಿಳಿಯುತ್ತದೆ ಅಂದಿರಲ್ಲ, ಆ ಮಾತನ್ನು ಇವತ್ತೇ ಫೋನಿನಲ್ಲಿ ಹಿಡಿದಿಡಿ. ಮೊಮ್ಮಕ್ಕಳನ್ನು ಕರೆಯುವ ರೀತಿ, ರೇಗುವ ರೀತಿ, ನಗು. 2023ರಲ್ಲಿ ಐಫೋನಿಗೆ ಬಂದ ಪರ್ಸನಲ್ ವಾಯ್ಸ್ 150 ವಾಕ್ಯಗಳನ್ನು ಓದಿಸಿಕೊಂಡು ನಿಮ್ಮಂತೆಯೇ ಕೇಳುವ ದನಿ ಕಟ್ಟುತ್ತಿತ್ತು, ಬಂದಾಗ ಇಂಗ್ಲಿಷಿಗೆ ಮಾತ್ರ. ಧ್ವನಿಮುದ್ರಣಕ್ಕೆ ಭಾಷೆಯ ಹಂಗಿಲ್ಲ. ಮುದ್ರಿಸಿದ ತುಣುಕನ್ನು ನೇರವಾಗಿ ಗುಂಡಿಗೆ ಕಟ್ಟಬಹುದು. ಹಳೆಯ ವಿಡಿಯೊಗಳಲ್ಲಿ ಅವರ ಒಳ್ಳೆಯ ದನಿ ಇದ್ದರೆ ಇನ್ನೂ ಮೇಲು.

ಅಲ್ಪವಿರಾಮ ಉತ್ತರಿಸಿದ್ದು:

ನಾನು ಸಾಫ್ಟ್‌ವೇರ್ ಬರೆಯುವವನು. ಸಾಧನವನ್ನು ಬಿಟ್ಟುಬಿಡಬೇಡಿ, ಈ ಕ್ಷೇತ್ರ ಈಗ ಓಡುತ್ತಿರುವ ವೇಗ ನೋಡಿದರೆ ನನಗೆ ನಿಜಕ್ಕೂ ಆಸೆ ಹುಟ್ಟುತ್ತದೆ. 2024ರಲ್ಲಿ ಗೂಗಲ್ ಸಂಶೋಧಕರು ಸ್ಪೀಕ್‌ಫಾಸ್ಟರ್ ಎಂಬ ಪದ್ಧತಿಯ ಬಗ್ಗೆ ಪ್ರಕಟಿಸಿದರು. ಪ್ರತಿ ಪದದ ಮೊದಲಕ್ಷರ ಮಾತ್ರ ಕೊಟ್ಟರೆ ಸಾಕು, ಮಾತುಕತೆಯಲ್ಲಿ ಹಿಂದೆ ಏನು ಬಂತು ನೋಡಿಕೊಂಡು ಭಾಷಾ ಮಾದರಿ (ಪದಗಳನ್ನು ಊಹಿಸುವ ಕೃತಕ ಬುದ್ಧಿಮತ್ತೆ) ಪೂರ್ತಿ ವಾಕ್ಯ ಮುಂದಿಡುತ್ತದೆ. ಎಎಲ್‌ಎಸ್ ಇದ್ದು ಕಣ್ಣಿನಿಂದಲೇ ಬರೆಯುವ ಇಬ್ಬರಲ್ಲಿ ಬರವಣಿಗೆಯ ವೇಗ ಮೊದಲಿಗಿಂತ ಶೇ 29ರಿಂದ 60ರಷ್ಟು ಏರಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ತಂಡ ಎಎಲ್‌ಎಸ್ ಇರುವ ಒಬ್ಬರ ಮಿದುಳಿನಲ್ಲಿ 256 ಎಲೆಕ್ಟ್ರೋಡ್‌ಗಳನ್ನು ಇಟ್ಟು, ಅವರು ಆಡಲು ಯತ್ನಿಸಿದ ಮಾತನ್ನು ಶೇ 97ರಷ್ಟು ಸರಿಯಾಗಿ ಪದಗಳಿಗೆ ಇಳಿಸಿತು. ಅದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ಇಂಗ್ಲಿಷಿನಲ್ಲಿದೆ. ಆದರೆ ಮೊದಲಕ್ಷರದ ಊಹೆಯನ್ನು ಕನ್ನಡಕ್ಕೆ ತರಬಹುದು ಅನ್ನಿಸುತ್ತದೆ.

ಕನ್ನಡದ ತೊಡಕು ಪ್ರತ್ಯಯಗಳದ್ದು. "ಮನೆ" ಅಂತ ಹೊಡೆದರೆ ಊಹೆಯ ಪಟ್ಟಿ ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು ಅಂತ ಒಂದೇ ಪದದ ರೂಪಗಳಿಂದ ತುಂಬಿಹೋಗುತ್ತದೆ. ಬುಡ ಬೇರೆ, ಪ್ರತ್ಯಯ ಬೇರೆ ಮಾಡಿ ಎರಡು ಹಂತದಲ್ಲಿ ತೋರಿಸಿದರೆ ಒತ್ತುವ ಸಲ ಕಡಿಮೆಯಾಗುತ್ತದೆ. ನಿಮ್ಮ ಅಪ್ಪ ಬರೆದ ಹಳೆಯ ಪತ್ರ, ಲೇಖನ ಇದ್ದರೆ ಅದರಿಂದ ಅವರದ್ದೇ ಪದಪಟ್ಟಿ ಮಾಡಿಕೊಡುತ್ತೇನೆ. ಅವರು ಹೇಳಹೊರಟಿದ್ದನ್ನು ಯಂತ್ರ ಅರ್ಧದಲ್ಲೇ ಹಿಡಿದರೆ ಈ ಬೇಸರ ಬರುವುದಿಲ್ಲ.

ಒಂದೇಗುಂಡಿ ಉತ್ತರಿಸಿದ್ದು:

ಇದನ್ನು ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ದಿನಕ್ಕೆ ಒಂದೂವರೆ ಗಂಟೆ ಕತ್ತು ತಡೆಯುತ್ತದೆ. ಆಮೇಲೆ ಇಲ್ಲ.

ನನಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ವಯಸ್ಸು 38. ಕೈಗಳು ತಮ್ಮಿಷ್ಟಕ್ಕೆ ಚಲಿಸುತ್ತವೆ. ಮಾತು ತಂಗಿಗೆ ಮಾತ್ರ ತಿಳಿಯುತ್ತದೆ. ತಲೆಯ ಬಲಪಕ್ಕಕ್ಕೆ ಒಂದು ಗುಂಡಿ ಇದೆ. ತಲೆ ವಾಲಿಸಿ ಒತ್ತುತ್ತೇನೆ. ತೆರೆಯ ಮೇಲೆ ಅಕ್ಷರಗಳ ಚೌಕ. ಬೆಳಕು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಸಾಲಿಗೆ 1.2 ಸೆಕೆಂಡು. ನನ್ನ ಸಾಲು ಬಂದಾಗ ಒತ್ತಬೇಕು. ಆಮೇಲೆ ಬೆಳಕು ಅದೇ ಸಾಲಿನೊಳಗೆ ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತದೆ. ನನ್ನ ಅಕ್ಷರ ಬಂದಾಗ ಮತ್ತೆ ಒತ್ತಬೇಕು. ತಪ್ಪಿದರೆ ಮೊದಲಿನಿಂದ.

"ಬೇಡ" ಅನ್ನಲು ಬ, ಏತ್ವ, ಡ. ಮೂರು ಆಯ್ಕೆ, ಆರು ಸಲ ಒತ್ತಬೇಕು. "ಸ್ವಾತಂತ್ರ್ಯ" ಬರೆಯಲು ಅರ್ಧಾಕ್ಷರದ ಗುರುತೂ ಸೇರಿ 11 ಆಯ್ಕೆ, 22 ಸಲ. ನಿಮಿಷಕ್ಕೆ ಮೂರು ಪದ ದಾಟುವುದು ಅಪರೂಪ. ಬಾಯಲ್ಲಿ ಆಡುವವರು ನಿಮಿಷಕ್ಕೆ 150ರ ಆಸುಪಾಸಿನಲ್ಲಿ ಹೋಗುತ್ತೀರಿ. ಚೌಕವನ್ನು ನಾನೇ ಜೋಡಿಸಿಕೊಂಡೆ. ಅರ್ಧಾಕ್ಷರದ ಗುರುತು, ಉತ್ವ, ಇತ್ವ, ನ, ರ, ದ ಮೇಲಿನ ಎಡಮೂಲೆಯಲ್ಲಿವೆ. ಙ, ಞ ಕೊನೆಯಲ್ಲಿವೆ. ವರ್ಣಮಾಲೆಯ ಕ್ರಮದಲ್ಲೇ ಬಿಟ್ಟಿದ್ದರೆ ಈ ಉತ್ತರಕ್ಕೆ ಇನ್ನೂ ಎರಡು ದಿನ ಹಿಡಿಯುತ್ತಿತ್ತು.

ಅಲ್ಪವಿರಾಮ ಅವರೇ, ಊಹೆಯ ಪಟ್ಟಿ ಇಲ್ಲದಿದ್ದರೆ ನಾನಿದನ್ನು ಬರೆಯಲು ಹೊರಡುತ್ತಲೇ ಇರಲಿಲ್ಲ. ಯಂತ್ರದ ಬುದ್ಧಿ ನನಗೆ ಬೇಕು. ಪ್ರತ್ಯಯ ಬೇರೆ ಮಾಡುವ ಕೆಲಸ ನೀವು ನಿಜವಾಗಿ ಮಾಡಿದರೆ ಮೊದಲು ಕೇಳಿ ಪಡೆಯುವವಳು ನಾನೇ. ಆದರೆ ಕನ್ನಡದ ವಾಕ್ಯ ಎಲ್ಲಿ ತಿರುಗುತ್ತದೆ ನೋಡಿ. ಕೊನೆಯಲ್ಲಿ. ಬೇಕು, ಬೇಡ: ಮೊದಲಕ್ಷರ ಒಂದೇ. ಇದೆ, ಇಲ್ಲ: ಮೊದಲಕ್ಷರ ಒಂದೇ. ಗೊತ್ತು, ಗೊತ್ತಿಲ್ಲ. ಆಗುತ್ತದೆ, ಆಗುವುದಿಲ್ಲ. ಬರುತ್ತೇನೆ, ಬರುವುದಿಲ್ಲ. ನಾನು ಒಪ್ಪುತ್ತೇನೋ ಇಲ್ಲವೋ ಕೊನೆಯ ಎರಡು ಅಕ್ಷರದವರೆಗೆ ಯಾರಿಗೂ ತಿಳಿಯುವುದಿಲ್ಲ. ಎದುರಿಗಿರುವವರಿಗೆ ಕಾದು ಸಾಕಾಗುವುದೂ ಸರಿಯಾಗಿ ಅಷ್ಟು ಹೊತ್ತಿಗೇ.

ಆರು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿದ್ದೆ. ಸ್ನಾಯುಗಳ ಬಿಗಿತ ಇಳಿಸುವ ಮಾತ್ರೆಯ ಪ್ರಮಾಣ ಹೆಚ್ಚಿಸಲೇ ಎಂದು ಕೇಳಿದರು. ಪ್ರಮಾಣ ಹೆಚ್ಚಾದರೆ ನನಗೆ ಮಂಪರು. ಕತ್ತು ನಿಲ್ಲುವುದಿಲ್ಲ. ಕತ್ತು ನಿಲ್ಲದಿದ್ದರೆ ಗುಂಡಿ ಇಲ್ಲ, ಗುಂಡಿ ಇಲ್ಲದಿದ್ದರೆ ಮಾತಿಲ್ಲ. "ಹೆಚ್ಚು ಮಾತ್ರೆ ನನಗೆ ಬೇ" ಅಲ್ಲಿವರೆಗೆ ಬರೆದಿದ್ದೆ. ಊಹೆಯ ಪಟ್ಟಿಯ ತಲೆಯಲ್ಲಿ "ಬೇಕು" ಬಂತು. ನಾನು ದಿನವಿಡೀ ನೀರು ಬೇಕು, ಪುಸ್ತಕ ಬೇಕು ಅನ್ನುವವಳಾದ್ದರಿಂದ ಯಂತ್ರ ಅದನ್ನೇ ಕಲಿತಿತ್ತು. ಹಿಂದೆ ನಿಂತಿದ್ದವರು ಅದನ್ನು ಓದಿ "ಬೇಕಂತೆ" ಅಂದುಬಿಟ್ಟರು. ನಾನು ತಲೆ ಅಲ್ಲಾಡಿಸಿದೆ. ನನ್ನ ತಲೆ ಯಾವಾಗಲೂ ಅಲ್ಲಾಡುತ್ತಿರುತ್ತದೆ. ಡ ಹುಡುಕಿ ಒತ್ತುವಷ್ಟರಲ್ಲಿ ಅವರು ಮುಂದಿನ ಹಾಸಿಗೆಯ ಹತ್ತಿರ ಇದ್ದರು. ಮೂರು ದಿನ ಮಲಗಿಯೇ ಇದ್ದೆ. ಆ ಮೂರು ದಿನ ನನ್ನಿಂದ ಒಂದು ಪದವೂ ಹೊರಗೆ ಬರಲಿಲ್ಲ.

ಊಹಿಸಿದ ಯಂತ್ರದ ಮೇಲೆ ನನಗೆ ಕೋಪವಿಲ್ಲ. ಅದು ನಾನು ಒಪ್ಪುವವರೆಗೆ ಕಾಯುತ್ತಿತ್ತು. ಓದಿದವರು ಕಾಯಲಿಲ್ಲ.

ಮನೆಗೆ ಬಂದ ಮೇಲೆ ತಂಗಿಯ ಕೈಯಲ್ಲಿ ಮೂರು ಕೆಲಸ ಮಾಡಿಸಿದೆ. ಬೇಕು, ಬೇಡ, ಇದೆ, ಇಲ್ಲ ಇವನ್ನು ಊಹೆಯ ಪಟ್ಟಿಯಿಂದ ತೆಗೆಸಿ, ಚೌಕದಲ್ಲಿ ಇಡೀ ಪದಗಳ ಗುಂಡಿ ಮಾಡಿಸಿದೆ. "ಬೇಡ" ಮೊದಲ ಸಾಲಿನ ಮೊದಲ ಮನೆ, ಎರಡೇ ಸಲ ಒತ್ತಿದರೆ ಸಾಕು. "ಬೇಕು" ಕೊನೆಯ ಸಾಲಿನಲ್ಲಿ. ಬೇಕು ಅನ್ನುವುದಕ್ಕೆ ತಡವಾದರೆ ನಷ್ಟ ಕಡಿಮೆ. ಬರೆಯುತ್ತಿರುವಾಗ ಎದುರಿನವರಿಗೆ ಅಕ್ಷರ ಕಾಣದಂತೆ ತೆರೆಯನ್ನು ತಿರುಗಿಸಿದೆ, ವಾಕ್ಯ ಮುಗಿದ ಮೇಲೆ ದನಿಯಾಗಿ ಮಾತ್ರ ಹೊರಬರುತ್ತದೆ. ಮೂರನೆಯದು ಒಂದು ಗುಂಡಿ: "ನನ್ನ ಮಾತು ಮುಗಿದಿಲ್ಲ." ಅದನ್ನು ಒತ್ತಿ ಆಮೇಲೆ ಬರೆಯಲು ಶುರುಮಾಡುತ್ತೇನೆ.

ಅಪ್ಪನಮಗಳು, ನಿಮ್ಮ ಎಂಟು ಗುಂಡಿಗಳನ್ನು ಓದಿದೆ. ಐದು ದೇಹದ ಬಗ್ಗೆ, ಒಂದು ಫ್ಯಾನಿನ ಬಗ್ಗೆ, ಒಂದು ಮಲಗುವುದಕ್ಕೆ, ಒಂದು ಕೃತಜ್ಞತೆ. ಪ್ರೀತಿಯಿಂದ ತುಂಬಿದ್ದೀರಿ, ಅದು ಕಾಣುತ್ತದೆ. ಆದರೆ ನಿಮ್ಮ ಅಪ್ಪ ವಾದ ಮಾಡುತ್ತಿದ್ದವರು ಅಂದಿರಿ. ಆ ಪುಟದಲ್ಲಿ ಅವರು ಯಾರನ್ನೂ ಅಲ್ಲಗಳೆಯಲು ಸಾಧ್ಯವೇ ಇಲ್ಲ. ಬೇಡ ಇಲ್ಲ. ತಪ್ಪು ಇಲ್ಲ. ಯಾಕೆ ಇಲ್ಲ. ನಿಲ್ಲು ಇಲ್ಲ. ನನ್ನ ಬದಲು ನೀನು ಉತ್ತರ ಕೊಡಬೇಡ ಇಲ್ಲ. ಬಾಗಿಲು ಹಾಕಿಕೊಂಡು ಹೋಗು ಇಲ್ಲ. ಮಾತಿಗೆಂದು ಕೊಟ್ಟ ನನ್ನ ಮೊದಲ ಹಲಗೆಯಲ್ಲೂ ಇವು ಇರಲಿಲ್ಲ. ನನಗಾಗ ಒಂಬತ್ತು ವರ್ಷ. ನಾನು ಒಳ್ಳೆಯ ಹುಡುಗಿ ಅಂತ ಎಲ್ಲರೂ ಅನ್ನುತ್ತಿದ್ದರು. ಬೇರೆ ಏನಾಗಲೂ ನನ್ನ ಬಳಿ ಪದ ಇರಲಿಲ್ಲ.

ದನಿಯ ಬಗ್ಗೆ. ಎಎಲ್‌ಎಸ್ ಇದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಮಾತು ಕಳೆದುಕೊಂಡರು. ಆರಂಭದಲ್ಲಿ ಯಾರಾದರೂ ಅಕ್ಷರದ ಹಲಗೆಯ ಮೇಲೆ ಬೆರಳಿಡುತ್ತಾ ಹೋಗುವಾಗ ಹುಬ್ಬು ಏರಿಸಿ ಆರಿಸುತ್ತಿದ್ದರು. ಆಮೇಲೆ ಕೈಗುಂಡಿ, ಕೈ ಸೋತ ಮೇಲೆ ಕೆನ್ನೆಯ ಸ್ನಾಯು. ಅವರ ಯಂತ್ರದ ದನಿ ಡೆನಿಸ್ ಕ್ಲಾಟ್ ಎಂಬ ವಿಜ್ಞಾನಿಯ ದನಿಯನ್ನು ಆಧರಿಸಿದ್ದು. ಮುಂದೆ ಅದಕ್ಕಿಂತ ಸಹಜವಾದ ದನಿಗಳು ಬಂದರೂ ಅವರು ಬದಲಿಸಲಿಲ್ಲ, ಅದು ತನ್ನದಾಗಿದೆ ಅಂದರು. ಅದನ್ನು ಅವರು ನಿರ್ಧರಿಸಿದರು. ನಿಮ್ಮ ಅಪ್ಪನಿಗೆ ಹೆಣ್ಣುದನಿ ಒಪ್ಪಿಗೆಯೇ ಎಂದು ಕೇಳಿದಿರಾ?

ಉಸಿರಿನ ಗುಂಡಿ. ಮಾತುಕಲಿಸುವವಳು ಹೇಳಿದ ಪರೀಕ್ಷೆ ಖಂಡಿತ ಮಾಡಿಸಿ. ನೋಟ ಎಲ್ಲೋ ತಂಗಿರಬಹುದು ಅಂದದ್ದೂ ಇರಬಹುದು. ಆದರೆ ನಾನು ಅವರ ಜಾಗದಲ್ಲಿ ಕೂತು ಯೋಚಿಸಿದೆ. ಎಂಟು ಗುಂಡಿಗಳಲ್ಲಿ ಅದೊಂದೇ, ಹತ್ತು ದಿನ, ದಿನಕ್ಕೆ ಆರೇಳು ಸಲ. ಓಡಿಬಂದವರಿಗೆ ಅಲ್ಲ ಅನ್ನುತ್ತಾರೆ. ಮತ್ತೆ ಅದನ್ನೇ ನೋಡುತ್ತಾರೆ. ನೀವು ಮೀಟರನ್ನು ಕೇಳಿದಿರಿ. ಸಾಧನ ಕೊಟ್ಟವರನ್ನು ಕೇಳಿದಿರಿ. ಅಣ್ಣನನ್ನು ಕೇಳಿದಿರಿ. ನಮ್ಮನ್ನೂ ಕೇಳಿದಿರಿ. ಅಕ್ಷರದ ಹಾಳೆ ಹಿಡಿದು ಅವರನ್ನೇ ಕೇಳಿ, ಆ ಗುಂಡಿಯ ವಿಷಯ ಏನು ಎಂದು. ಮಧ್ಯದಲ್ಲಿ ತಿಳಿಯಿತು ಅನ್ನಿಸಿದರೂ ಬಾಯಿ ಬಿಡಬೇಡಿ. ಕೊನೆಯ ಅಕ್ಷರ ಬರಲಿ.

ಅಲ್ಪವಿರಾಮ ಉತ್ತರಿಸಿದ್ದು:

ಒಂದೇಗುಂಡಿ ಅವರೇ, ಬೇಕು-ಬೇಡದ ಮೊದಲಕ್ಷರ ಒಂದೇ ಅನ್ನುವುದು ಇಷ್ಟು ವರ್ಷ ಕೀಲಿಮಣೆಗಳ ಕೆಲಸ ಮಾಡಿದರೂ ನನಗೆ ಹೊಳೆದಿರಲಿಲ್ಲ. ಪದಗಳನ್ನು ಎಷ್ಟು ಸಲ ಬಳಸಿದ್ದಾರೆ ಅನ್ನುವುದರ ಮೇಲೆ ಸಾಲಾಗಿ ಜೋಡಿಸುವುದು ನಮಗೆ ಸಹಜವಾಗಿಬಿಟ್ಟಿದೆ. ಮೊದಲಕ್ಷರದಿಂದ ವಾಕ್ಯ ಬಿಡಿಸುವ ಪದ್ಧತಿಯಲ್ಲಿ ಕ್ರಿಯಾಪದವನ್ನು ಮಾತ್ರ ಯಂತ್ರ ತುಂಬಬಾರದು, ಎರಡೂ ರೂಪಗಳನ್ನು ಒಂದೇ ಅಳತೆಯಲ್ಲಿ ಅಕ್ಕಪಕ್ಕ ಇಟ್ಟು ಬರೆಯುವವರಿಗೇ ಬಿಡಬೇಕು. ಪ್ರತ್ಯಯದ ಕೆಲಸ ಶುರುಮಾಡಿದ್ದೇನೆ. ನಿಮ್ಮ ಚೌಕದ ಜೋಡಣೆಯನ್ನು ತಂಗಿಯವರಿಂದ ಫೋಟೊ ತೆಗೆಸಿ ಕಳಿಸಲಾದರೆ ಅದರಿಂದಲೇ ಆರಂಭಿಸುತ್ತೇನೆ.

ಮುಸ್ಸಂಜೆ ಉತ್ತರಿಸಿದ್ದು:

ಇದನ್ನು ಓದುವ ಬೇರೆಯವರಿಗೆ ಒಂದು ಮಾತು, ಏಕೆಂದರೆ ನಾನು ಇಂಥ ಸಲಹೆ ಓದಿ ಒಂದು ವರ್ಷ ತಪ್ಪು ದಾರಿಯಲ್ಲಿದ್ದೆ. ನನ್ನ ಹೆಂಡತಿಗೆ ಪಾರ್ಶ್ವವಾಯು ಆಗಿ ಅಫೇಸಿಯಾ ಇದೆ. ಇಲ್ಲಿ ಪೆಟ್ಟು ಬಿದ್ದಿರುವುದು ನಾಲಿಗೆಗಲ್ಲ, ಪದಗಳು ಸಿಗುವ ದಾರಿಗೆ. ಅಕ್ಷರದ ಹಾಳೆ ಅವಳಿಗೆ ಗೋಡೆಯಂತೆ, ಕೀಲಿಮಣೆಯೂ ಅಷ್ಟೇ. ಹೌದು ಅನ್ನಲು ಹೋಗಿ ಇಲ್ಲ ಅನ್ನುತ್ತಾಳೆ, ಅವಳಿಗೇ ಅದು ತಿಳಿದು ಅಳುತ್ತಾಳೆ. ಅವಳಿಗೆ ಕೆಲಸ ಮಾಡಿದ್ದು ನಮ್ಮದೇ ಫೋಟೊಗಳು: ಇದೇ ಬಾಗಿಲು, ಇದೇ ಕುರ್ಚಿ, ಇದೇ ಮಗ. ಒಂದು ಫೋಟೊದಲ್ಲಿ ಹತ್ತು ವಿಷಯ ಇರುತ್ತದೆ, ಅವಳು ಬೆರಳಿಟ್ಟಲ್ಲಿಂದ ನಾನು ಶುರುಮಾಡುತ್ತೇನೆ. ಕೊನೆಗೆ ಕೇಳಿದ್ದನ್ನೇ ಇನ್ನೊಂದು ರೀತಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ. ಒಂದೇಗುಂಡಿ ಅವರು ಹೇಳಿದ ಕಾಯುವಿಕೆ ನಮ್ಮಲ್ಲೂ ಅದೇ. ಆದರೆ ಸಾಧನ ತರುವ ಮುಂಚೆ ಯಾವುದು ಹೋಗಿದೆ, ಯಾವುದು ಉಳಿದಿದೆ ಅನ್ನುವುದನ್ನು ಬಲ್ಲವರಿಂದ ತಿಳಿದುಕೊಳ್ಳಿ.

ಅಪ್ಪನಮಗಳು ಬರೆದದ್ದು, ಮೂರು ವಾರದ ನಂತರ:

ತಡವಾಯಿತು. ಮೊದಲು ಉಸಿರಿನ ಪರೀಕ್ಷೆ ಮಾಡಿಸಿದೆವು. ಬೆರಳಿನ ಅಂಕಿ ಆಗಲೂ 97. ಆದರೆ ಮಲಗಿದಾಗ ಶ್ವಾಸಕೋಶದ ಸಾಮರ್ಥ್ಯ ತುಂಬ ಇಳಿಯುತ್ತದೆ ಎಂದು ಗೊತ್ತಾಯಿತು. ಈಗ ರಾತ್ರಿ ಉಸಿರಾಟಕ್ಕೆ ನೆರವಾಗುವ ಯಂತ್ರದ ಮಾಸ್ಕ್ ಹಾಕುತ್ತಿದ್ದೇವೆ, ಬೆಳಗಿನ ತಲೆನೋವು ಹೋಗಿದೆ. 'ಮಾತುಕಲಿಸುವವಳು' ಅವರಿಗೆ ಇದಕ್ಕೆ ಕೃತಜ್ಞತೆ ಹೇಗೆ ಹೇಳಲಿ ಗೊತ್ತಿಲ್ಲ. ಬುದ್ಧಿಯ ಪರೀಕ್ಷೆಯನ್ನು ಕಣ್ಣಿನ ಉತ್ತರದಲ್ಲೇ ಮಾಡಿದರು. ಅಣ್ಣ ಹೆದರಿದ್ದು ಏನೂ ಇಲ್ಲ.

ಅಕ್ಷರದ ಹಾಳೆ ಮಾಡಿ, ಸಾಧನವನ್ನು ಪಕ್ಕದಲ್ಲಿಟ್ಟು ಆ ಗುಂಡಿ ತೋರಿಸಿ, ಏನಪ್ಪ ಇದು ಅಂದೆ. ಅಪ್ಪ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ತ ವರ್ಗದ ಕಡೆ ಹೋದರು. ಮೊದಲನೆಯದು: ತ. ಮತ್ತೆ ಒತ್ತಿನ ಗುಂಪು: ಅರ್ಧಾಕ್ಷರ. ನನಗೆ ತಲೆ, ತಂಪು, ತೊಂದರೆ ಅಂತ ಏನೇನೋ ಬಾಯಿಗೆ ಬರುತ್ತಿತ್ತು, ಹಿಡಿದುಕೊಂಡೆ. ಮತ್ತೆ ತ. ಇತ್ವ. ತ್ತಿ. ಅಷ್ಟೇ. ಕಣ್ಣು ಗುಂಡಿಯ ಕಡೆ ತಿರುಗಿತು. ನಾಲ್ಕು ನಿಮಿಷ ಹಿಡಿದಿತ್ತು.

ಗುಂಡಿಯನ್ನು ಓದಿದೆ. "ಉಸಿರು ಕಟ್ಟುತಿದೆ." ತ ಒತ್ತು ಬಿಟ್ಟುಹೋಗಿದೆ. ಮೇಲೆ ನನ್ನ ಪ್ರಶ್ನೆಯಲ್ಲೂ ಹಾಗೆಯೇ ಇದೆ, ನಿಮ್ಮಲ್ಲಿ ಕೆಲವರು ನೋಡಿಯೂ ಇರಬಹುದು. 34 ವರ್ಷ ಅದೇ ಕೆಲಸ ಮಾಡಿದ ಕಣ್ಣಿನ ಮುಂದೆ ನಾನು ಅದನ್ನು ಹತ್ತು ದಿನ ಇಟ್ಟಿದ್ದೆ. ಅವರು ನೋಡಿದಾಗಲೆಲ್ಲ ಅದು ಕೂಗುತ್ತಿತ್ತು, ನಾವು ಮೀಟರ್ ತರುತ್ತಿದ್ದೆವು.

ಅಲ್ಲೇ ತಿದ್ದಿದೆ. ಅಪ್ಪ ಕಣ್ಣು ಮೇಲೆತ್ತಿದರು. ಅವತ್ತು ಸಂಜೆ ತಾವಾಗಿಯೇ ಕೀಲಿಮಣೆಯ ಪುಟಕ್ಕೆ ಹೋಗಿ ಬರೆದದ್ದು: "ಉಳಿದದ್ದೂ ತೋರಿಸು."

ಎಲ್ಲವನ್ನೂ ತಿದ್ದಿಸಿದರು. "ಮಗ್ಗುಲು ಬದಲಿಸಿ" ಈಗ "ಹೊರಳಿಸು". "ಫ್ಯಾನ್ ಹಾಕಿ" ಈಗ "ಫ್ಯಾನ್ ಹಾಕು". ಅವರು ನನ್ನನ್ನು ಎಂದೂ ಬಹುವಚನದಲ್ಲಿ ಮಾತಾಡಿಸಿದವರಲ್ಲ, ಅದು ನನಗೆ ಆ ರಾತ್ರಿ ಹೊಳೆದಿರಲಿಲ್ಲ. "ಧನ್ಯವಾದ" ತೆಗೆಸಿ ಅಲ್ಲಿ "ಬೇಡ" ಹಾಕಿಸಿದರು. ಹೆಣ್ಣುದನಿಯ ಬಗ್ಗೆ ಕೇಳಿದೆ, ಕಣ್ಣು ಮುಚ್ಚಿದರು. ಐದು ವರ್ಷ ಹಿಂದಿನ ಒಂದು ವಿಡಿಯೊದಲ್ಲಿ ಅವರು ಅಣ್ಣನ ಜೊತೆ ಜಗಳವಾಡುತ್ತಾ "ಅದು ಹಾಗಲ್ಲ" ಅನ್ನುವುದು ಚೆನ್ನಾಗಿ ಸಿಕ್ಕಿತು, ಅದನ್ನು ಗುಂಡಿಗೆ ಕಟ್ಟಿದ್ದೇವೆ. ಅಣ್ಣನ ಎದುರಿಗೆ ಮೊದಲ ಸಲ ಅದನ್ನು ಒತ್ತಿದಾಗ ಅವನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದ.

ಒಂದು ಸಹಾಯ ಬೇಕು. ರಾತ್ರಿ ಮಾಸ್ಕ್ ಹಾಕಿದಾಗ ಅದರ ಅಂಚು ಅಡ್ಡ ಬಂದು ಪಟ್ಟಿಗೆ ಎಡಗಣ್ಣು ಸಿಗುತ್ತಿಲ್ಲ. ಬಲಗಣ್ಣಿಗೆ ಮಾತ್ರ ಹೊಂದಿಸಿಟ್ಟರೆ ಹಗಲಿನ ಹೊಂದಿಕೆ ಕೆಡುತ್ತದೆಯೇ? ಅಥವಾ ರಾತ್ರಿಗೆ ಎಡಗೈ ಬೆರಳಿಗೆ ಒಂದು ಗುಂಡಿ ಕೊಡುವುದು ಮೇಲೇ? ಅಪ್ಪನನ್ನೂ ಕೇಳಿದ್ದೇನೆ, ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ.